ಅರ್ಜಿ ಹಿಡಿದವರು, ಪ್ರಶ್ನೆ ಕೇಳಿದವರು

ನಮ್ಮೂರಿನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವುದು ನೀರಿನ ಮಾತು ಬಂದಾಗ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಣೆ ಕಟ್ಟಿ ತೆಗೆದ ಕಾಲುವೆಗಳನ್ನು ಎಣಿಸುವವರು ರಾಯ, ಬಸವಣ್ಣ, ರಾಮಸಾಗರ, ಕಂಪ್ಲಿ, ಸಿರುಗುಪ್ಪ ಎಂದು ಹೇಳಿಕೊಂಡು ಬಂದು ದೇಶನೂರು ಕಾಲುವೆಯನ್ನೂ ಹೇಳುತ್ತಾರೆ. ಕಾಲುವೆಯಿರುವ ಊರಿನಲ್ಲಿ ಜಗಳವೂ ಇರುತ್ತದೆ, ನ್ಯಾಯವೂ ಇರುತ್ತದೆ. ಮೇಲಿನ ಗದ್ದೆಯವನು ಮಡೆ ಮುಚ್ಚಲಿಲ್ಲ, ಕೊನೆಯ ಗದ್ದೆಗೆ ನೀರು ಮುಟ್ಟಲಿಲ್ಲ, ಈ ವರ್ಷವೂ ಹೂಳು ತೆಗೆಸಲಿಲ್ಲ ಎಂಬ ಮಾತುಗಳಿಗೆ ಇಲ್ಲಿ ಕಾಲುವೆಯಷ್ಟೇ ವಯಸ್ಸಾಗಿದೆ. ಊರೊಳಗಿನ ತಕರಾರಾದರೆ ಕಟ್ಟೆಯ ಮೇಲೆ ಕೂತ ಹಿರಿಯರ ಮುಂದೆ ಹೇಗೋ ಬಗೆಹರಿಯುತ್ತದೆ. ಸರ್ಕಾರವೇ ಮಾಡಬೇಕಾದ ಕೆಲಸ ಆಗದೆ ಹೋದರೆ? ರೈತ ಯಾರ ಮುಂದೆ ನಿಲ್ಲಬೇಕು? ನಿಂತು ಕೇಳಿದರೂ ಉತ್ತರ ಕೊಡುವ ಹೊಣೆ ಯಾರದು?

ಈ ಸಂಚಿಕೆಗೆ ನಾನು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಚರಿತ್ರೆಯನ್ನು ಆರಿಸಿಕೊಂಡದ್ದಕ್ಕೆ ಆ ಪ್ರಶ್ನೆಯೇ ಕಾರಣ. ಆ ಸಭೆ ಹುಟ್ಟಿದ 1881ರಲ್ಲಿ ನಾವು ಮೈಸೂರಿನವರಾಗಿರಲಿಲ್ಲ. ಹೊಳೆಯ ಆಚೆ ದಡ ಹೈದರಾಬಾದಿನ ನಿಜಾಮರದು, ಈಚೆ ದಡದ ನಾವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವರು, ತೆಂಕಣಕ್ಕೆ ಚಿತ್ರದುರ್ಗದ ಸೀಮೆ ಹೊಕ್ಕರೆ ಅಲ್ಲಿಂದ ಮೈಸೂರು ಮಹಾರಾಜರ ನೆಲ. ಮೂರೂ ಕಡೆ ಕನ್ನಡವೇ, ಮೂರೂ ಕಡೆ ಜೋಳದ ರೊಟ್ಟಿಯೇ. ಆದರೆ ಸರ್ಕಾರದ ಜೊತೆ ರೈತ ಮಾತಾಡುವ ರೀತಿ ಮಾತ್ರ ಒಂದೊಂದು ಕಡೆ ಒಂದೊಂದು. ನಮ್ಮವರಿಗೆ ಆಗ ಇಲ್ಲದಿದ್ದದ್ದು ಏನು ಎಂದು ತಿಳಿಯದೆ ಮೈಸೂರಿನವರಿಗೆ ಸಿಕ್ಕದ್ದರ ಬೆಲೆ ತಿಳಿಯುವುದಿಲ್ಲ.

1800ರಲ್ಲಿ ನಿಜಾಮರು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟರು. ದತ್ತ ಮಂಡಲ ಎಂಬ ಹೆಸರು ಬಂದದ್ದು ಹಾಗೆ. ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಹೊಲ ಅಳೆಸಿ, ಕಂದಾಯ ಗೊತ್ತುಮಾಡಿ, ರೈತವಾರಿ ಪದ್ಧತಿಯನ್ನು ಊರಿಸಿದ. ನಡುವೆ ಜಮೀನ್ದಾರನಿಲ್ಲ, ರೈತ ನೇರವಾಗಿ ಸರ್ಕಾರಕ್ಕೇ ಕಟ್ಟಬೇಕು. ಕಿತ್ತು ತಿನ್ನುವ ನಡುವಣವನು ಇಲ್ಲವಾದದ್ದು ಒಳ್ಳೆಯದೇ. ಆದರೆ ರೈತನ ಪರವಾಗಿ ಮಾತಾಡುವವನೂ ನಡುವೆ ಇರಲಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿ. ಕಲೆಕ್ಟರ ಮೊಕ್ಕಾಂ ಬೀಳುತ್ತಿತ್ತು. ಶಾನುಭೋಗ ಲೆಕ್ಕದ ಕಟ್ಟು ಬಿಚ್ಚುತ್ತಿದ್ದ. ರೈತ ತಲೆಯ ರುಮಾಲು ಸರಿಮಾಡಿಕೊಂಡು ಅರ್ಜಿ ಹಿಡಿದು ನಿಲ್ಲುತ್ತಿದ್ದ. ಅರ್ಜಿಯನ್ನು ತೆಗೆದುಕೊಳ್ಳುವುದು, ಬಿಡುವುದು, ಓದುವುದು, ಓದದಿರುವುದು ಎಲ್ಲವೂ ಸಾಹೇಬರ ಚಿತ್ತ. ಅರ್ಜಿ ಅಂದರೆ ಬೇಡಿಕೊಳ್ಳುವುದು. ಕೈ ಕೆಳಗಿರುತ್ತದೆ, ಕಣ್ಣೂ ಕೆಳಗಿರುತ್ತದೆ.

ಮದ್ರಾಸಿನಲ್ಲಿ ಶಾಸನ ಸಭೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. 1861ರ ಕೌನ್ಸಿಲ್ ಕಾಯ್ದೆಯಂತೆ ಗವರ್ನರ್ ತಾನೇ ಆರಿಸಿದ ಕೆಲವರನ್ನು ಕಾನೂನು ಮಾಡುವ ಹೊತ್ತಿಗೆ ಜೊತೆಗೆ ಕೂರಿಸಿಕೊಳ್ಳುತ್ತಿದ್ದ. ಅವರು ಎಣಿಸಿದರೆ ನಾಲ್ಕರಿಂದ ಎಂಟು ಜನ. ಎದುರಿಗಿಟ್ಟ ಮಸೂದೆಯ ಬಗ್ಗೆ ಮಾತಾಡಬಹುದಿತ್ತು, ಅಷ್ಟೇ. ಆಡಳಿತದ ಬಗ್ಗೆ ಒಂದು ಪ್ರಶ್ನೆ ಕೇಳುವಂತಿರಲಿಲ್ಲ. ಆಯವ್ಯಯದ ಲೆಕ್ಕದ ಮೇಲೆ ಚರ್ಚೆ ಎತ್ತುವ ಹಕ್ಕೂ ಇರಲಿಲ್ಲ. ಆ ಎರಡು ಹಕ್ಕು ಸಿಕ್ಕಿದ್ದು 1892ರ ಕಾಯ್ದೆಯಿಂದ, ಅದೂ ಕೈಕಾಲು ಕಟ್ಟಿ. ಉತ್ತರ ಬಂದ ಮೇಲೆ ಮರುಪ್ರಶ್ನೆ ಹಾಕುವಂತಿಲ್ಲ, ಮತ ಹಾಕುವಂತಿಲ್ಲ. ಒಂದಿಡೀ ಪ್ರಾಂತ್ಯದ ಸಭೆಯಲ್ಲಿ 1892ರವರೆಗೆ ಪ್ರಶ್ನೆ ಕೇಳುವುದಕ್ಕೇ ಅವಕಾಶವಿರಲಿಲ್ಲ ಎಂಬುದನ್ನು ಓದುಗರು ಒಂದು ಕ್ಷಣ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಗ ಮೈಸೂರಿನಲ್ಲಿ ನಡೆದದ್ದು ಎಂಥದು ಎಂದು ಗೊತ್ತಾಗುತ್ತದೆ.

ಮೈಸೂರಿನ ಕಥೆ ಶುರುವಾಗುವುದು ಬರದಿಂದ. 1876ರಿಂದ 1878ರವರೆಗಿನ ಆ ಭೀಕರ ಬರ ನಮ್ಮ ಬಳ್ಳಾರಿಯನ್ನೂ ಬಿಡಲಿಲ್ಲ, ಮೈಸೂರನ್ನೂ ಬಿಡಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಮತ್ತೆ ಎಣಿಸಿದಾಗ 41,86,188. ಹುಟ್ಟಿದವರೆಲ್ಲ ಹುಟ್ಟಿದ ಮೇಲೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನ ಕಡಿಮೆ. ಊರಿಗೆ ಊರೇ ಹಾಳುಬಿದ್ದವು. ಬರದ ಖರ್ಚಿಗೆಂದು ಹೊತ್ತ ಸಾಲ 80 ಲಕ್ಷ ರೂಪಾಯಿ ಸಂಸ್ಥಾನದ ತಲೆಯ ಮೇಲಿತ್ತು. ಇಂಥ ಹೊತ್ತಿನಲ್ಲಿ, 1881ರ ಮಾರ್ಚ್ 25ರಂದು, ಐವತ್ತು ವರ್ಷ ತಾವೇ ಆಳಿದ ನಾಡನ್ನು ಬ್ರಿಟಿಷರು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರ ಕೈಗೆ ಒಪ್ಪಿಸಿದರು. ದಿವಾನರಾದವರು ಸಿ. ರಂಗಾಚಾರ್ಲು.

ರಂಗಾಚಾರ್ಲು ಮೈಸೂರಿನ ಮಣ್ಣಿನವರಲ್ಲ. ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟು ಸೀಮೆಯಲ್ಲಿ 1831ರಲ್ಲಿ ಹುಟ್ಟಿದರು, ಮದ್ರಾಸ್ ಸರ್ಕಾರದ ಕೆಲಸದಲ್ಲೇ ಪಳಗಿ 1868ರಲ್ಲಿ ಮೈಸೂರಿಗೆ ಬಂದರು. ಎಂದರೆ ನಾನು ಮೇಲೆ ಹೇಳಿದ ಅರ್ಜಿಯ ಲೋಕವನ್ನು ಕಚೇರಿಯ ಒಳಗಿನಿಂದ ಕಂಡವರು. ಆ ಲೋಕಕ್ಕೆ ಏನು ಕಡಿಮೆ ಎಂಬುದು ಅವರಿಗೆ ಗೊತ್ತಿದ್ದಿರಲೇಬೇಕು ಎಂದು ನನಗನ್ನಿಸುತ್ತದೆ. ಅಧಿಕಾರಕ್ಕೆ ಬಂದು ಐದು ತಿಂಗಳಿಗೆ, ಆಗಸ್ಟ್ 25ರಂದು, ಮಹಾರಾಜರ ಹೆಸರಿನಲ್ಲಿ ಒಂದು ಆಜ್ಞೆ ಹೊರಟಿತು. ಅದರ ಸಾರ ಸರಳ. ಸರ್ಕಾರ ಯಾವ ಉದ್ದೇಶದಿಂದ ಯಾವ ಕೆಲಸ ಮಾಡುತ್ತಿದೆ ಎಂಬುದು ಯಾರ ಒಳಿತಿಗಾಗಿ ಮಾಡುತ್ತಿದೆಯೋ ಆ ಜನಕ್ಕೆ ತಿಳಿಯಬೇಕು. ಅದಕ್ಕಾಗಿ ವರ್ಷಕ್ಕೊಮ್ಮೆ ಸಂಸ್ಥಾನದ ಎಲ್ಲ ಭಾಗಗಳಿಂದ ಭೂಮಿಯಿರುವ ರೈತರನ್ನೂ ವರ್ತಕರನ್ನೂ ಕರೆಸಬೇಕು. ದಿವಾನರು ಕಳೆದ ವರ್ಷ ಮಾಡಿದ್ದರ ಲೆಕ್ಕವನ್ನೂ ಬರುವ ವರ್ಷ ಮಾಡಲಿರುವುದರ ವಿವರವನ್ನೂ ಅವರ ಮುಂದಿಡಬೇಕು. ಜನರ ಮನಸ್ಸಿನಲ್ಲಿರುವುದು ನೇರವಾಗಿ ಸರ್ಕಾರದ ಕಿವಿಗೆ ಬೀಳಬೇಕು. ಹೇಗೂ ದಸರೆಗೆಂದು ಜನ ಮೈಸೂರಿಗೆ ಬಂದೇ ಬರುತ್ತಾರೆ, ಸಭೆಯೂ ಆಗಲೇ ಸೇರಲಿ.

ಈ ಕೊನೆಯ ಮಾತು ನನಗೆ ಬಹಳ ಇಷ್ಟ. ದಸರೆಯೆಂದರೆ ಜನ ಅರಸನನ್ನು ನೋಡಲು ಹೋಗುವ ಹಬ್ಬ. ಅರಸ ಸಿಂಹಾಸನದ ಮೇಲೆ ಕೂತಿರುತ್ತಾನೆ, ಜನ ಕೆಳಗೆ ನಿಂತು ಕೈ ಮುಗಿಯುತ್ತಾರೆ. ಅದೇ ಹಬ್ಬದ ಬೆನ್ನಿಗೇ, ಅದೇ ಊರಿನಲ್ಲಿ, ಅರಸನ ದಿವಾನ ಎದ್ದುನಿಂತು ಅದೇ ಜನಕ್ಕೆ ಲೆಕ್ಕ ಒಪ್ಪಿಸುವುದು. ವಿಜಯನಗರದ ಮಹಾನವಮಿ ದಿಬ್ಬ ನಮ್ಮ ಕಣ್ಣೆದುರಿಗೇ ಹಂಪಿಯಲ್ಲಿದೆ. ಆ ದಿಬ್ಬದ ಮೇಲಿನಿಂದ ಶುರುವಾದ ಹಬ್ಬದ ಸಂಪ್ರದಾಯ ಶ್ರೀರಂಗಪಟ್ಟಣ, ಮೈಸೂರುಗಳಿಗೆ ಹೋಗಿ, ಕೊನೆಗೆ ಒಂದು ಪ್ರಜೆಗಳ ಸಭೆಯನ್ನೂ ಹೆತ್ತಿತು ಎಂಬುದು ಬಳ್ಳಾರಿ ಸೀಮೆಯವನಾದ ನನಗೆ ಹೆಮ್ಮೆಯ ಸಂಗತಿ.

ಪ್ರತಿನಿಧಿಗಳನ್ನು ಹುಡುಕುವ ಕೆಲಸ ಜಿಲ್ಲೆಗಳ ಲೋಕಲ್ ಫಂಡ್ ಮಂಡಳಿಗಳಿಗೆ ಬಿತ್ತು. ಒಂದೊಂದು ತಾಲೂಕಿನಿಂದ ಲೋಕದ ತಿಳಿವಳಿಕೆಯೂ ಜನರ ನಡುವೆ ಮಾತಿಗೆ ತೂಕವೂ ಇರುವ ಒಬ್ಬಿಬ್ಬರು ಬೇಸಾಯಗಾರರು, ಜಿಲ್ಲೆಗೆ ಮೂರೋ ನಾಲ್ಕೋ ಜನ ಮುಖ್ಯ ವರ್ತಕರು. ಹೀಗೆ ಕೂಡಿದವರು 144 ಮಂದಿ. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲ ಸಭೆ ಸೇರಿತು. ದೇಶೀ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲು. ಕಾಂಗ್ರೆಸ್ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು.

ಆ 144 ಜನ ಹೇಗೆ ಬಂದಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬೆಂಗಳೂರಿನಿಂದ ಮೈಸೂರಿಗೆ ರೈಲು ಪೂರ್ತಿಯಾದದ್ದು ಮರುವರ್ಷ, 1882ರಲ್ಲಿ. ಚಿತ್ರದುರ್ಗದ ಕಡೆಯ ಕಪ್ಪು ನೆಲದವರು, ಮಲೆನಾಡಿನ ಅಡಿಕೆ ತೋಟದವರು, ಕೋಲಾರದ ಕೆರೆಬಯಲಿನವರು ಎತ್ತಿನ ಗಾಡಿ ಕಟ್ಟಿಕೊಂಡೋ ಕುದುರೆಯ ಮೇಲೋ ದಿನಗಟ್ಟಲೆ ದಾರಿ ಸವೆಸಿ ಬಂದಿರಬೇಕು. ಬರದಲ್ಲಿ ಮನೆಯವರನ್ನು ಮಣ್ಣು ಮಾಡಿ ಬಂದವರು ಅವರೊಳಗೆ ಎಷ್ಟು ಜನವೋ. ದಿವಾನರ ಭಾಷಣ ಸಿದ್ಧವಾದದ್ದು ಇಂಗ್ಲಿಷಿನಲ್ಲಿ. ಕೂತವರಲ್ಲಿ ಹೆಚ್ಚಿನವರಿಗೆ ಅರ್ಥವಾದದ್ದು ಅದರ ಕನ್ನಡ. ಹಾಗಾಗಿ ಕನ್ನಡದಲ್ಲಿ ಒಂದು ಸರ್ಕಾರ ತನ್ನ ಹುಟ್ಟುವಳಿ ಎಷ್ಟು, ಖರ್ಚೆಷ್ಟು, ಸಾಲವೆಷ್ಟು ಎಂದು ಜನದ ಮುಂದೆ ಹೇಳಿದ ದಿನ ಅದು. ಮನೆಯ ಯಜಮಾನ ಪೆಟ್ಟಿಗೆಯ ಬೀಗ ತೆಗೆದು ತಮ್ಮಂದಿರಿಗೆ ತೋರಿಸಿದ ಹಾಗೆ.

ಸಭೆಗೆ ಅಧಿಕಾರ ಇರಲಿಲ್ಲ. ಇದನ್ನು ಮುಚ್ಚಿಟ್ಟು ಹೊಗಳುವುದು ಚರಿತ್ರೆಗೆ ಮಾಡುವ ಅನ್ಯಾಯ. ಕಾನೂನು ಮಾಡುವಂತಿಲ್ಲ, ತೆರಿಗೆ ತಡೆಯುವಂತಿಲ್ಲ, ಮತಕ್ಕೆ ಹಾಕುವಂತಿಲ್ಲ. ದಿವಾನರೇ ಅಧ್ಯಕ್ಷರು, ಉತ್ತರ ಹೇಳುವವರೂ ಅವರೇ. ಬಂದವರನ್ನು ಜನ ಆರಿಸಿರಲಿಲ್ಲ, ಮಂಡಳಿಗಳು ಆರಿಸಿದ್ದವು. ಹೊಲವಿಲ್ಲದ ಕೂಲಿಯವನಿಗೆ, ಊರ ಹೊರಗಿನ ಕೇರಿಯವನಿಗೆ, ಯಾವ ಹೆಣ್ಣುಮಗಳಿಗೂ ಅಲ್ಲಿ ಜಾಗವಿರಲಿಲ್ಲ. ಇಷ್ಟನ್ನೂ ಒಪ್ಪಿಕೊಂಡ ಮೇಲೆ ಉಳಿಯುವುದೇನು?

ಉಳಿಯುವುದು ಒಂದೇ, ಆದರೆ ಅದು ದೊಡ್ಡದು. ತಾಲೂಕಿನಿಂದ ಬಂದ ರೈತ ಎದ್ದುನಿಂತು ಕೆರೆ ಒಡೆದು ವರ್ಷವಾಯಿತು, ರಿಪೇರಿ ಯಾಕಾಗಲಿಲ್ಲ ಎಂದು ಕೇಳಬಹುದಿತ್ತು. ಕಾಡಿನಲ್ಲಿ ಸೊಪ್ಪು ಸೌದೆ ತರಲು ಹೋದರೆ ಅರಣ್ಯದವರು ತಡೆಯುತ್ತಾರೆ ಎಂದು ಹೇಳಬಹುದಿತ್ತು. ಕೇಳಿದ್ದಕ್ಕೆ ದಿವಾನರು ಅಲ್ಲೇ ಏನಾದರೂ ಒಂದು ಉತ್ತರ ಹೇಳಬೇಕಿತ್ತು. ಆಗುತ್ತದೆ ಎಂದೋ, ಆಗುವುದಿಲ್ಲ ಎಂದೋ, ವಿಚಾರಿಸುತ್ತೇವೆ ಎಂದೋ. ಸಭೆಯ ನಡವಳಿಗಳು ಬರಹಕ್ಕಿಳಿದು ಅಚ್ಚಾಗುತ್ತಿದ್ದವು. ಮರುವರ್ಷ ಅದೇ ರೈತ ಬಂದು, ಹೋದ ಸಲ ವಿಚಾರಿಸುತ್ತೇವೆ ಅಂದಿದ್ದಿರಿ, ವಿಚಾರಿಸಿದಿರಾ ಎಂದು ಕೇಳಲು ದಾರಿ ತೆರೆದಿತ್ತು. ಅರ್ಜಿಗೂ ಪ್ರಶ್ನೆಗೂ ಇರುವ ಅಂತರ ಇಷ್ಟೇ. ಅರ್ಜಿಗೆ ಉತ್ತರ ಬರದಿದ್ದರೆ ಕೊಟ್ಟವನ ನಸೀಬು ಅನ್ನುತ್ತಾರೆ. ನಾಲ್ಕು ಜನರ ಎದುರು ಕೇಳಿದ ಪ್ರಶ್ನೆಗೆ ಉತ್ತರ ಬರದಿದ್ದರೆ ಕುಂದು ಬರುವುದು ಉತ್ತರ ಹೇಳಬೇಕಾದವನಿಗೆ.

ಅಧಿಕಾರವಿದ್ದ ಸಭೆಗಳೆಲ್ಲ ನ್ಯಾಯವನ್ನೇ ಮಾಡಿದವು ಎಂದೇನೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮೊದಲ ಶಾಸನ ಸಭೆ 1849ರ ಡಿಸೆಂಬರಿನಲ್ಲಿ ಸ್ಯಾನ್ ಹೋಸೆ ಎಂಬ ಊರಿನಲ್ಲಿ ಸೇರಿತು. ಸೆನೆಟಿನಲ್ಲಿ 16 ಜನ, ಕೆಳಮನೆಯಲ್ಲಿ 36 ಜನ, ಎಲ್ಲರೂ ಜನರಿಂದ ಆರಿಸಿ ಬಂದವರು. ಚಿನ್ನದ ಹುಚ್ಚಿಗೆ ಜನ ನುಗ್ಗಿ ಬರುತ್ತಿದ್ದ ಕಾಲ. ಆ ಸಭೆಗೆ ಕಾನೂನು ಮಾಡುವ ಅಧಿಕಾರವೂ ತೆರಿಗೆ ಹಾಕುವ ಅಧಿಕಾರವೂ ಇದ್ದವು. ಆ ಅಧಿಕಾರದಿಂದಲೇ ಅದು 1850ರಲ್ಲಿ ಪರದೇಶದಿಂದ ಬಂದ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹೇರಿತು. ಆ ನೆಲದ ಮೂಲನಿವಾಸಿಗಳನ್ನು ಬಿಳಿಯರ ಕೈಕೆಳಗೆ ದುಡಿತಕ್ಕೆ ಕಟ್ಟಿಹಾಕುವ ಕಾನೂನನ್ನೂ ಮಾಡಿತು. ಯಾರ ಮೇಲೆ ಆ ಕಾನೂನು ಬಿತ್ತೋ ಅವರಲ್ಲಿ ಒಬ್ಬನೂ ಆ ಸಭೆಯಲ್ಲಿ ಕೂತು ಯಾಕೆ ಎಂದು ಕೇಳುವಂತಿರಲಿಲ್ಲ. ಮೈಸೂರಿನ ಸಭೆಗೆ ಕೈ ಇರಲಿಲ್ಲ, ಬಾಯಿ ಇತ್ತು. ನನ್ನ ಲೆಕ್ಕದಲ್ಲಿ ಬಾಯಿ ಮೊದಲು ಬರಬೇಕು. ಕೈ ಆಮೇಲೆ ಬಂದರೂ ನಡೆದೀತು.

ರಂಗಾಚಾರ್ಲು ತಾವು ನೆಟ್ಟ ಗಿಡವನ್ನು ಎರಡೇ ದಸರೆ ಕಂಡರು. ಬೇಸಾಯವೊಂದನ್ನೇ ನೆಚ್ಚಿ ಯಾವ ನಾಡೂ ಏಳಿಗೆ ಹೊಂದದು, ಕೈಗಾರಿಕೆಯೂ ಜೊತೆಗೆ ಬೆಳೆಯಬೇಕು ಎಂದು ಪ್ರತಿನಿಧಿಗಳ ಮುಂದೆ ಒತ್ತಿ ಹೇಳಿದ ಆ ಮನುಷ್ಯ 1883ರ ಜನವರಿಯಲ್ಲಿ ತೀರಿಕೊಂಡರು. ಮೈಸೂರಿನ ಪುರಭವನಕ್ಕೆ ಇಂದಿಗೂ ಅವರ ಹೆಸರಿದೆ. ಮುಂದೆ ಹದಿನೆಂಟು ವರ್ಷ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಸಭೆಯನ್ನು ಕೈಬಿಡಲಿಲ್ಲ, ಬೆಳೆಸಿದರು. 1891ರಿಂದ ಪ್ರತಿನಿಧಿಗಳನ್ನು ಚುನಾಯಿಸುವ ಪದ್ಧತಿ ಬಂತು. ಮತ ಹಾಕಲು ಇಷ್ಟು ಕಂದಾಯ ಕಟ್ಟುತ್ತಿರಬೇಕು, ಇಲ್ಲವೇ ಆಸ್ತಿಯ ಜೊತೆಗೆ ಪದವಿ ಇರಬೇಕು ಎಂಬ ಕಟ್ಟಳೆಯಿದ್ದುದರಿಂದ ಬಾಗಿಲು ಕಿರಿದಾಗಿಯೇ ಇತ್ತು. ಆದರೂ ಮೇಲಿನಿಂದ ಹೆಸರು ಬರೆದುಕೊಡುವ ಕಾಲ ಮುಗಿಯಿತು. ಚಿಕ್ಕ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಮಾತು ಎದ್ದಾಗ ಅದು ಈ ಸಭೆಯ ಮುಂದೂ ಬಂತು, ಪರವಾಗಿಯೂ ವಿರೋಧವಾಗಿಯೂ ಜನ ಮಾತಾಡಿದರು. 1894ರಲ್ಲಿ ಕಾನೂನಾಯಿತು. ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡುವಂತಿಲ್ಲ, ಐವತ್ತು ದಾಟಿದವನು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಇವತ್ತು ಓದುವಾಗ ಇದೆಷ್ಟು ಚಿಕ್ಕ ಹೆಜ್ಜೆ ಅನ್ನಿಸುತ್ತದೆ. ಆ ಹೆಣ್ಣುಮಕ್ಕಳ ಬಗ್ಗೆ ಮಾತಾಡಿದವರೆಲ್ಲ ಗಂಡಸರೇ ಎಂಬುದು ಅದಕ್ಕಿಂತ ಹೆಚ್ಚು ಕಾಡುತ್ತದೆ.

ಸಭೆಯಲ್ಲಿ ಗಟ್ಟಿ ದನಿಯ ಸದಸ್ಯರಿದ್ದರು. ಮೈಸೂರಿನವರು ತಾತಯ್ಯ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು, ಪತ್ರಿಕೆಗಳ ಸಂಪಾದಕರು, ಸಭೆಯ ಸದಸ್ಯರು. ದಿವಾನರಿಗೆ ಹಿತವಾಗದ ಮಾತನ್ನು ದಿವಾನರ ಮುಖದೆದುರಿಗೇ ಆಡಬಲ್ಲವರು. 1908ರಲ್ಲಿ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನು ಬಂದಾಗ ಹೆಚ್ಚು ನೊಂದವರಲ್ಲಿ ಅವರೊಬ್ಬರು. ಪ್ರಶ್ನೆ ಕೇಳಿ ಎಂದು ಸಭೆ ಕರೆದ ಸರ್ಕಾರವೇ ಪ್ರಶ್ನೆ ಅಚ್ಚು ಹಾಕುವವರನ್ನು ತಡೆದದ್ದು ಮೈಸೂರಿನ ಚರಿತ್ರೆಯಲ್ಲಿ ನೋವಿನ ಅಧ್ಯಾಯ.

1907ರಲ್ಲಿ ಕಾನೂನು ಮಾಡಲು ನ್ಯಾಯವಿಧಾಯಕ ಸಭೆ ಎಂಬ ಇನ್ನೊಂದು ಮನೆ ಹುಟ್ಟಿತು. ಅದರಲ್ಲಿ ಕೆಲವು ಜಾಗಗಳಿಗೆ ಪ್ರಜಾಪ್ರತಿನಿಧಿ ಸಭೆಯೇ ತನ್ನವರನ್ನು ಆರಿಸಿ ಕಳಿಸುತ್ತಿತ್ತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1917ರಿಂದ, ದಸರೆಯ ಅಧಿವೇಶನದ ಜೊತೆಗೆ ಮಹಾರಾಜರ ವರ್ಧಂತಿಯ ಹೊತ್ತಿಗೆ ಇನ್ನೊಂದು ಅಧಿವೇಶನ ಸೇರತೊಡಗಿತು. ಬ್ರಜೇಂದ್ರನಾಥ ಶೀಲರ ಸಮಿತಿಯ ವರದಿಯಾದ ಮೇಲೆ 1923ರಲ್ಲಿ ಸಭೆಗೆ ಕಾನೂನಿನ ಬುನಾದಿ ಸಿಕ್ಕಿತು. ಅಲ್ಲಿಯವರೆಗೆ ಅದು ನಿಂತದ್ದು ಅರಸರ ಆಜ್ಞೆಯ ಮೇಲೆ. ಮತದ ಅರ್ಹತೆ ಇಳಿಯಿತು, ಹೆಣ್ಣುಮಕ್ಕಳಿಗಿದ್ದ ತಡೆ ಹೋಯಿತು, ಹೊಸ ತೆರಿಗೆ ಹಾಕುವ ಮುನ್ನ, ಹೊಸ ಕಾನೂನು ತರುವ ಮುನ್ನ ಸಭೆಯನ್ನು ಕೇಳಲೇಬೇಕು ಎಂದಾಯಿತು. ಕೇಳುವ ಅಭ್ಯಾಸ ನಲವತ್ತೆರಡು ವರ್ಷ ಮೊದಲು ಬಂತು, ಕೇಳುವ ಹಕ್ಕು ಆಮೇಲೆ ಬಂತು. 1940ರ ಕಾಯ್ದೆ ಸದಸ್ಯರ ಸಂಖ್ಯೆಯನ್ನು 310ಕ್ಕೆ ಏರಿಸಿತು. ಅಷ್ಟು ಹೊತ್ತಿಗೆ ಶಿವಪುರದ ಧ್ವಜ ಸತ್ಯಾಗ್ರಹ ಆಗಿತ್ತು, ವಿದುರಾಶ್ವತ್ಥದಲ್ಲಿ ಗುಂಡು ಹಾರಿತ್ತು. ಜನಕ್ಕೆ ಸಲಹೆ ಕೊಡುವ ಸಭೆ ಸಾಕಾಗಿರಲಿಲ್ಲ, ಆಳುವ ಸಭೆ ಬೇಕಾಗಿತ್ತು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು. 1949ರ ಡಿಸೆಂಬರ್ 16ರಂದು ಪ್ರಜಾಪ್ರತಿನಿಧಿ ಸಭೆಯೂ ನ್ಯಾಯವಿಧಾಯಕ ಸಭೆಯೂ ವಿಸರ್ಜನೆಯಾದವು. ಅರವತ್ತೆಂಟು ವರ್ಷದ ಬಾಳು.

ಈಗ ನಮ್ಮ ಕಡೆಗೆ ಬರುತ್ತೇನೆ. ಈ ಅರವತ್ತೆಂಟು ವರ್ಷದಲ್ಲಿ ನಾವು ಏನು ಕಳೆದುಕೊಂಡೆವು ಎಂಬುದಕ್ಕೆ ಹಗರಿಯ ಸಾಕ್ಷಿಯೊಂದು ಸಾಕು. ಮೈಸೂರಿನವರು ವೇದಾವತಿ ಎನ್ನುವ ಹೊಳೆಯೇ ನಮಗೆ ಹಗರಿ. ಚಿತ್ರದುರ್ಗದ ಸೀಮೆಯಿಂದ ಇಳಿದು ಬಳ್ಳಾರಿಯ ನೆಲದಲ್ಲಿ ಹರಿದು ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. 1892ರಲ್ಲಿ ಮೈಸೂರಿಗೂ ಮದ್ರಾಸಿಗೂ ಹೊಳೆನೀರಿನ ಒಪ್ಪಂದವಾಯಿತು. ತುಂಗಭದ್ರೆ, ಹಗರಿಗಳೂ ಸೇರಿದಂತೆ ಗಡಿ ದಾಟುವ ಹೊಳೆಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಕಟ್ಟೆ ಕಟ್ಟುವಂತಿಲ್ಲ ಎಂಬುದು ಅದರ ತಿರುಳು. ಆಮೇಲೆ ಹಿರಿಯೂರಿನ ಹತ್ತಿರ ಮಾರಿಕಣಿವೆಯ ಅಣೆಕಟ್ಟು 1898ರಲ್ಲಿ ಶುರುವಾಗಿ 1907ರ ಹೊತ್ತಿಗೆ ಮುಗಿಯಿತು. ಮೇಲಿನ ಹಿರಿಯೂರಿನ ರೈತನ ಪರವಾಗಿ ಕೇಳಲು ಮೈಸೂರಿನಲ್ಲಿ ಒಂದು ಸಭೆ ಇತ್ತು. ಕೆಳಗಿನ ಹಗರಿ ದಂಡೆಯ ರೈತನ ಪರವಾಗಿ ಮಾತಾಡಿದ್ದು ಮದ್ರಾಸಿನ ಸರ್ಕಾರ, ರೈತ ಅಲ್ಲ. ನಮ್ಮ ನೀರಿನ ಮಾತು ನಡೆಯಿತು, ನಮ್ಮನ್ನು ಕೇಳದೆ. ಒಪ್ಪಂದ ನಮಗೆ ಅನುಕೂಲವಾಗಿಯೇ ಇದ್ದಿರಬಹುದು. ಆದರೂ ಬಾಯಿಲ್ಲದವನಿಗೆ ಆದ ಅನುಕೂಲ ಬೇರೆ, ಬಾಯಿದ್ದು ಪಡೆದ ನ್ಯಾಯ ಬೇರೆ.

ನಮಗೂ ಮೆಲ್ಲಗೆ ಬಾಗಿಲು ತೆರೆದವು. ರಿಪನ್ ಪ್ರಭುವಿನ 1882ರ ನಿರ್ಣಯದ ಹಿಂದೆಯೇ 1884ರ ಮದ್ರಾಸ್ ಕಾಯ್ದೆಯಿಂದ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಬಂದವು. ಬಳ್ಳಾರಿ ಪುರಸಭೆಯಲ್ಲಿ ವರ್ತಕ ಸಭಾಪತಿ ಮುದಲಿಯಾರರಂಥವರು ಅಧ್ಯಕ್ಷಗಿರಿ ಮಾಡಿದರು. 1920ರ ಚುನಾವಣೆ, 1937ರ ಚುನಾವಣೆಗಳ ನಂತರ ಮದ್ರಾಸಿನ ಶಾಸನ ಸಭೆಯಲ್ಲಿ ಬಳ್ಳಾರಿಯ ದನಿಯೂ ಕೇಳಿಸತೊಡಗಿತು. ಎಚ್. ಸೀತಾರಾಮ ರೆಡ್ಡಿಯವರು ಸಂವಿಧಾನ ರಚನಾ ಸಭೆಯಲ್ಲಿ ಕೂತರು, ಮದ್ರಾಸಿನಲ್ಲಿ ಮಂತ್ರಿಯೂ ಆದರು. 1952ರಲ್ಲಿ ಟೇಕೂರು ಸುಬ್ರಹ್ಮಣ್ಯಂ ಅವರು ಬಳ್ಳಾರಿಯಿಂದ ಲೋಕಸಭೆಗೆ ಹೋದರು. ಆದರೆ ತಮಿಳು, ತೆಲುಗು, ಮಲಯಾಳಗಳ ನಡುವೆ ಕನ್ನಡದ ಜಿಲ್ಲೆಗಳು ಎರಡೇ ಎರಡು. ಪಡುವಣ ಕಡಲ ತಡಿಯ ದಕ್ಷಿಣ ಕನ್ನಡ ಒಂದು, ನಾವೊಂದು. ನಡುವೆ ಇಡೀ ಮೈಸೂರು ಸಂಸ್ಥಾನ. ದೊಡ್ಡ ಮನೆಯಲ್ಲಿ ಮೂಲೆಯಲ್ಲಿ ಕೂತವರ ದನಿ ನಡುಮನೆಗೆ ಮುಟ್ಟುವುದು ಕಷ್ಟ.

1953ರ ವರ್ಷ ನಮ್ಮದು. ಆಂಧ್ರ ರಾಜ್ಯ ಕಟ್ಟುವಾಗ ಬಳ್ಳಾರಿ ಜಿಲ್ಲೆಯನ್ನು ಹಂಚಬೇಕಾಯಿತು. ಆಲೂರು, ಆದೋನಿ, ರಾಯದುರ್ಗ ಆಂಧ್ರಕ್ಕೆ. ಸಿರುಗುಪ್ಪ, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರಿಗೆ. ಬಳ್ಳಾರಿ ತಾಲೂಕಿನ ಮೇಲೆ ಜಗ್ಗಾಟ ಬಿದ್ದು, ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಮಿಶ್ರ ಅವರ ವಿಚಾರಣೆಯ ನಂತರ ಅದೂ ಮೈಸೂರಿಗೇ ಬಂತು. ಅಕ್ಟೋಬರ್ 1ರಂದು ವಿಲೀನ. ಆ ಉತ್ಸವದ ಪೆಂಡಾಲನ್ನು ರಾತ್ರಿ ಕಾಯುತ್ತಿದ್ದ ರಂಜಾನ್ ಸಾಬ್ ಅಲ್ಲಿ ನಡೆದ ದಾಳಿಗೆ ಪ್ರಾಣ ಕೊಟ್ಟರು. ಶಾಸನ ಸಭೆಯಲ್ಲಿ ನಮಗೆ ಸಿಕ್ಕ ಕುರ್ಚಿಯ ಕೆಳಗೆ ಒಬ್ಬ ಬಡವನ ರಕ್ತವಿದೆ. ಈ ಮಾತನ್ನು ನಾನು ಹಗುರವಾಗಿ ಬರೆಯುತ್ತಿಲ್ಲ. ಆಲೂರು, ಆದೋನಿಯ ಕಡೆ ಉಳಿದ ಕನ್ನಡದ ನೆಂಟರು, ನಮ್ಮ ಕಡೆ ಉಳಿದ ತೆಲುಗಿನ ನೆಂಟರು ಇಂದಿಗೂ ಮದುವೆ ಮುಂಜಿಗೆ ಬಂದುಹೋಗುತ್ತಾರೆ. ಗಡಿ ಬಿದ್ದದ್ದು ಕಂದಾಯದ ನಕ್ಷೆಯಲ್ಲಿ, ಮನೆಗಳ ನಡುವೆ ಅಲ್ಲ.

ಮೈಸೂರು ವಿಧಾನಸಭೆ 1952ರ ಜೂನ್ 18ರಂದು ಮೊದಲ ಸಲ ಸೇರಿದಾಗ ಅದರಲ್ಲಿ ಚುನಾಯಿತರು 99, ನಾಮಕರಣಗೊಂಡವರು ಒಬ್ಬರು. ಬಳ್ಳಾರಿ ಸೇರಿದ ಮೇಲೆ ಐದು ಜನ ಹೆಚ್ಚಿದರು. ಆ ಐವರು ಮದ್ರಾಸಿನ ವಿಧಾನಸಭೆಗೆಂದು ಆಯ್ಕೆಯಾದವರು, ಬೆಂಗಳೂರಿಗೆ ಬಂದು ಕೂತರು. ಎರಡು ಚರಿತ್ರೆ ಒಂದಾದದ್ದು ಅಲ್ಲಿ. ಒಂದು ಕಡೆ ಅರ್ಜಿ, ಜಮಾಬಂದಿ, ಬೋರ್ಡುಗಳ ದಾರಿಯಲ್ಲಿ ಬಂದ ಬಳ್ಳಾರಿ. ಇನ್ನೊಂದು ಕಡೆ ದಸರೆಯ ಸಭೆಯಲ್ಲಿ ಕೇಳಿ ಕೇಳಿ ಬಾಯಿ ಬಂದ ಮೈಸೂರು. 1956ರ ಡಿಸೆಂಬರ್ 19ರಂದು ಹೊಸ ವಿಧಾನಸೌಧದಲ್ಲಿ ಸಭೆ ಸೇರಿದಾಗ ಹೊಳೆಯಾಚೆಯ ರಾಯಚೂರಿನವರೂ ಜೊತೆಗಿದ್ದರು. ನಮ್ಮೂರಿನ ಮುಂದೆ ಹರಿಯುವ ತುಂಗಭದ್ರೆಯ ಎರಡೂ ದಡದವರು ಒಂದೇ ಸಭೆಯಲ್ಲಿ ಕೂತದ್ದು ಆಗ.

ಇಷ್ಟು ಬರೆದ ಮೇಲೆ ದೇಶನೂರಿನ, ಸಿರುಗುಪ್ಪದ, ಕುರುಗೋಡಿನ ಓದುಗರಲ್ಲಿ ಒಂದು ಬಿನ್ನಹ. ಮೈಸೂರಿನ ಸಭೆಯ ನಡವಳಿಗಳು ಅಚ್ಚಾಗಿ ಉಳಿದದ್ದರಿಂದಲೇ ನಾವು ಇಂದು ಅದರ ಮಾತನ್ನು ಆಡುತ್ತಿದ್ದೇವೆ. ನಮ್ಮ ಕಡೆಯ ಮಾತು ಉಳಿದಿರುವುದು ಅಟ್ಟದ ಮೇಲಿನ ಟ್ರಂಕುಗಳಲ್ಲಿ. ಜಮಾಬಂದಿಗೆ ಕೊಟ್ಟ ಅರ್ಜಿಯ ನಕಲು, ತಾಲೂಕು ಬೋರ್ಡಿನ ನೋಟೀಸು, ಕಾಲುವೆ ರಿಪೇರಿಗೆ ಬರೆದ ಕಾಗದ, 1953ರ ವಿಲೀನದ ಕರಪತ್ರ, ಆಗ ಮೆರವಣಿಗೆಗೆ ಹೋದ ಅಜ್ಜ ಅಜ್ಜಿಯರ ನೆನಪು, ಏನಿದ್ದರೂ ಗೆದ್ದಲಿಗೆ ಬಿಡಬೇಡಿ. ಊರಿನ ಶಾಲೆಗೋ ಪಂಚಾಯಿತಿಯ ಗ್ರಂಥಾಲಯಕ್ಕೋ ಕೊಡಿ, ಕೊಡಲು ಮನಸ್ಸಿಲ್ಲದಿದ್ದರೆ ಒಂದು ಪ್ರತಿ ಮಾಡಿಸಿ ಕೊಡಿ. ಮುಂದಿನ ಗ್ರಾಮಸಭೆ ಕರೆದಾಗ ಬನ್ನಿ, ಕಾಲುವೆಯ ಹೂಳಿನ ಬಗ್ಗೆ ಕೇಳಿ, ಬಂದ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿಕೊಂಡು ಮನೆಗೆ ಹೋಗಿ.